ಸೈಕಲ್ ಓಟದ ಮೇಲಿನ ಪಣ: ನೂರಕ್ಕೆ ಎಷ್ಟು, ಎಷ್ಟು ಸಲ, ಎಲ್ಲಿಗೆ?

2025ರ ಜುಲೈ ತಿಂಗಳ ಒಂದು ಸಂಜೆ. ಮುಂಬೈಯ ಕುರ್ಲಾ ಪೂರ್ವದಲ್ಲಿ ಸ್ಟೇಷನ್ನಿನಿಂದ ಬಂಟರ ಸಂಘದ ರಸ್ತೆಯ ಕಡೆ ಹೋಗುವಾಗ ಮಳೆ ಜೋರಾಯಿತು. ಚಹಾ ಅಂಗಡಿಯೊಂದರ ಮಾಡಿನಡಿ ನಿಂತೆ. ಪಕ್ಕದಲ್ಲಿ ನಿಂತಿದ್ದವನು ಕಾರ್ಕಳ ಕಡೆಯ ಹುಡುಗ. ಹತ್ತಿರದ ಹೋಟೆಲಿನ ಗಲ್ಲೆಯಲ್ಲಿ ಕೂರುವವನು, ಮುಖಪರಿಚಯವಿತ್ತು. ಅವನ ಫೋನಿನಲ್ಲಿ ಫ್ರಾನ್ಸಿನ ಬಿಸಿಲು ಕಾಣುತ್ತಿತ್ತು. ಸೂರ್ಯಕಾಂತಿ ಹೊಲದ ನಡುವೆ ಬಣ್ಣಬಣ್ಣದ ಅಂಗಿ ತೊಟ್ಟ ನೂರಾರು ಸೈಕಲ್ ಸವಾರರು ಒಂದೇ ಮೈಯಂತೆ ಹರಿಯುತ್ತಿದ್ದರು. ಅದು ಟೂರ್ ಡಿ ಫ್ರಾನ್ಸ್.

“ಅಣ್ಣ, ಇದಕ್ಕೂ ದುಡ್ಡು ಕಟ್ಲಿಕ್ಕೆ ಉಂಟಂತೆ. ಇಷ್ಟು ಜನರಲ್ಲಿ ಯಾರು ಗೆಲ್ತಾರೆ ಅಂತ ಗೊತ್ತಾಗೋದು ಹೇಗೆ ಮಾರಾಯ್ರೆ?” ಎಂದು ಕೇಳಿದ.

ಕ್ರಿಕೆಟ್ಟಿಗೆ ದುಡ್ಡು ಕಟ್ಟುವುದು ಈ ಊರಿಗೆ ಹೊಸದಲ್ಲ. ಕುದುರೆಗೆ ಕಟ್ಟುವುದಂತೂ ಮಹಾಲಕ್ಷ್ಮಿಯಲ್ಲಿ ನೂರು ವರ್ಷಕ್ಕೂ ಹಳೆಯ ಮಾತು. ಆದರೆ ಸೈಕಲ್? ಕುರ್ಲಾದ ಗಲ್ಲಿಯಲ್ಲಿ ನಿಂತವನೊಬ್ಬ ತಾನು ಎಂದೂ ನೋಡದ ಪರ್ವತವನ್ನು ಏರುತ್ತಿರುವ, ಹೆಸರು ಉಚ್ಚರಿಸಲೂ ಬಾರದ ಸವಾರನ ಮೇಲೆ ತನ್ನ ಸಂಬಳದ ಹಣವನ್ನು ಇಡಬಹುದಾದ ಕಾಲ ಬಂದಿದೆ. ಅವನು ಕೇಳಿದ್ದು ಸಣ್ಣ ಪ್ರಶ್ನೆ. ಉತ್ತರಕ್ಕೆ ಮುಂಬೈಯ ಹತ್ತಿ ಬಜಾರಿಗೆ, ಅಣುಬಾಂಬಿನಿಂದ ಪಾರಾದ ಜಪಾನಿನ ಒಂದು ಊರಿಗೆ, ಕೊನೆಗೆ ನಮ್ಮ ವಿಜಯಪುರದ ರಸ್ತೆಗೆ ಹೋಗಿಬರಬೇಕಾಗುತ್ತದೆ.

ಹತ್ತಿಯ ದರದಿಂದ ಓಸಿ ಚೀಟಿಯವರೆಗೆ

ಉತ್ತರ ಕರ್ನಾಟಕದ ಯಾವ ಊರಿನಲ್ಲಾದರೂ ‘ಓಸಿ’ ಎಂದರೆ ಏನೆಂದು ಯಾರೂ ವಿವರಿಸಬೇಕಿಲ್ಲ. ಪೊಲೀಸರು ಓಸಿ ಚೀಟಿ ಬರೆಯುವವರನ್ನು ಹಿಡಿದ ಸುದ್ದಿ ವಾರಕ್ಕೊಮ್ಮೆಯಾದರೂ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಆ ಎರಡಕ್ಷರದ ತವರು ಮುಂಬೈ. ಓಪನ್ ಮತ್ತು ಕ್ಲೋಸ್ ಎಂಬುದರ ಮೊಟಕು ರೂಪ ಅದು. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಲ್ಲಿ ಹತ್ತಿಯ ದರ ಬೆಳಿಗ್ಗೆ ಎಷ್ಟಕ್ಕೆ ತೆರೆಯಿತು, ಸಂಜೆ ಎಷ್ಟಕ್ಕೆ ಮುಚ್ಚಿತು ಎಂಬುದು ತಂತಿಯ ಮೂಲಕ ಮುಂಬೈಗೆ ಬರುತ್ತಿತ್ತು. ಆ ದರದ ಅಂಕೆಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. 1961ರ ಸುಮಾರಿಗೆ ಆ ದರ ಬರುವುದು ನಿಂತಿತು. ಅಂಕೆ ನಿಂತರೂ ಆಸೆ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್ ವರ್ಲಿಯಲ್ಲಿ ಮಟ್ಕಾ ಶುರುಮಾಡಿದ. ಎರಡು ವರ್ಷದ ನಂತರ ರತನ್ ಖತ್ರಿ ಹೊಸ ವರ್ಲಿ ಮಟ್ಕಾ ತಂದ. ಮಡಕೆಯಿಂದ ಚೀಟಿ ಎತ್ತುವುದು ಹೋಗಿ ಇಸ್ಪೀಟಿನ ಕಟ್ಟಿನಿಂದ ಮೂರು ಎಲೆ ಎಳೆಯುವುದು ಬಂತು. ಹೆಸರು ಮಾತ್ರ ಮಡಕೆಯದೇ ಉಳಿಯಿತು.

ಮಟ್ಕಾದ ದೊಡ್ಡ ಗಿರಾಕಿ ಗಿರಣಿ ಕಾರ್ಮಿಕ. ಕುರ್ಲಾ ಕೂಡ ಗಿರಣಿಯ ಊರೇ. ಜಮ್‌ಶೆಡ್‌ಜಿ ಟಾಟಾ ಅವರು 1886ರಲ್ಲಿ ಇಲ್ಲಿನ ಧರಮ್ಸಿ ಮಿಲ್ಲನ್ನು ಕೊಂಡು ‘ಸ್ವದೇಶಿ’ ಎಂದು ಹೆಸರಿಟ್ಟರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಷ್ಕರದ ನಂತರ ಮುಂಬೈಯ ಗಿರಣಿಗಳ ಸೈರನ್ ಒಂದೊಂದಾಗಿ ನಿಂತುಹೋಯಿತು. ಮಟ್ಕಾದ ವೈಭವವೂ ಅಲ್ಲಿಂದ ಇಳಿಯಿತು. ಕೂಲಿ ಇಲ್ಲದ ಮೇಲೆ ಚೀಟಿಗೆ ಹಣ ಎಲ್ಲಿಂದ ಬರಬೇಕು?

ಮಟ್ಕಾದ ಲೆಕ್ಕ ಬಹಳ ಸರಳ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕೆ. ಒಂದು ಅಂಕೆಗೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಸಾಮಾನ್ಯವಾಗಿ ಒಂಬತ್ತು ರೂಪಾಯಿ. ಜೋಡಿ ಕಟ್ಟಿದರೆ ನೂರು ಸಾಧ್ಯತೆ, ಗೆದ್ದರೆ ತೊಂಬತ್ತು. ಅಂದರೆ ಹತ್ತು ಜನ ಹತ್ತು ಅಂಕೆಗೆ ಒಂದೊಂದು ರೂಪಾಯಿ ಇಟ್ಟರೆ ಒಬ್ಬನಿಗೆ ಒಂಬತ್ತು ಹೋಗಿ ಒಂದು ರೂಪಾಯಿ ಆಡಿಸುವವನ ಕೈಯಲ್ಲಿ ಉಳಿಯುತ್ತದೆ. ನೂರಕ್ಕೆ ಹತ್ತು ಕಡಿತ. ಗೆಲ್ಲುವವರು ಬದಲಾಗುತ್ತಾರೆ, ಆ ಹತ್ತು ಬದಲಾಗುವುದಿಲ್ಲ.

ಪಣ ಯಾವುದೇ ಇರಲಿ, ಅಂಕೆಯದಿರಲಿ, ಕುದುರೆಯದಿರಲಿ, ಸೈಕಲ್‌ನದಿರಲಿ, ಮೂರು ಪ್ರಶ್ನೆ ಕೇಳಿದರೆ ಅದರ ಒಳಗುಟ್ಟು ಬಿಚ್ಚಿಕೊಳ್ಳುತ್ತದೆ. ನೂರಕ್ಕೆ ಎಷ್ಟು ಕಡಿಯುತ್ತಾರೆ? ದಿನಕ್ಕೆ ಎಷ್ಟು ಸಲ ಕಡಿಯುತ್ತಾರೆ? ಕಡಿದದ್ದು ಎಲ್ಲಿಗೆ ಹೋಗುತ್ತದೆ? ಮಟ್ಕಾದಲ್ಲಿ ಮೊದಲೆರಡಕ್ಕೆ ಉತ್ತರವಿತ್ತು: ಹತ್ತು, ಮತ್ತು ದಿನಕ್ಕೆ ಎರಡು ಸಲ. ಮೂರನೆಯದಕ್ಕೆ ಯಾರೂ ಲೆಕ್ಕ ಕೊಡಲಿಲ್ಲ.

ಗಾಳಿಯ ಆಟ

ಈಗ ಹುಡುಗನ ಪ್ರಶ್ನೆಗೆ ಬರೋಣ. ಸೈಕಲ್ ಓಟದಲ್ಲಿ ಗೆಲ್ಲುವವನನ್ನು ಮುಂಚೆಯೇ ಊಹಿಸಬಹುದೇ?

2025ರ ಟೂರ್ ಡಿ ಫ್ರಾನ್ಸ್‌ನಲ್ಲಿ 23 ತಂಡ, ತಂಡಕ್ಕೆ 8 ಜನರಂತೆ 184 ಸವಾರರು ಹೊರಟರು. 21 ಹಂತ, ಮೂರು ವಾರ, ಸುಮಾರು 3,300 ಕಿಲೋಮೀಟರ್. ಹೊರಗಿನಿಂದ ನೋಡಿದರೆ 184 ಜನರೂ ಒಬ್ಬರ ವಿರುದ್ಧ ಒಬ್ಬರು ಓಡುತ್ತಿದ್ದಾರೆ ಅನ್ನಿಸುತ್ತದೆ. ನಿಜ ಹಾಗಿಲ್ಲ. ಹೆಚ್ಚಿನವರು ಗೆಲ್ಲುವುದಕ್ಕೆಂದು ಬಂದವರೇ ಅಲ್ಲ.

ಕಾರಣ ಗಾಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ತುಳಿಯುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಹಿಂದಿನ ಗಾಲಿಗೆ ಒಂದು ಗೇಣು ಅಂತರದಲ್ಲಿ ಅಂಟಿಕೊಂಡವನಿಗೆ ಆ ಹೊರೆ ಬಹಳ ಇಳಿಯುತ್ತದೆ. ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 2018ರಲ್ಲಿ 121 ಸವಾರರ ಗುಂಪಿನ ಮೇಲೆ ಮಾಡಿದ ಅಧ್ಯಯನದಲ್ಲಿ ಗುಂಪಿನ ನಡುವೆ ಹಿಂದುಗಡೆ ಇರುವವನಿಗೆ ತಗಲುವ ಗಾಳಿಯ ತಡೆ, ಒಂಟಿ ಸವಾರನಿಗೆ ತಗಲುವುದರ ನೂರಕ್ಕೆ 5ರಿಂದ 10ರಷ್ಟಕ್ಕೆ ಇಳಿಯುತ್ತದೆ ಎಂದು ಕಂಡುಬಂತು. ಆದ್ದರಿಂದ ಒಬ್ಬ ನಾಯಕ ಕೊನೆಯ ಬೆಟ್ಟದವರೆಗೆ ಬಲ ಉಳಿಸಿಕೊಳ್ಳಬೇಕಾದರೆ ಅವನ ಮುಂದೆ ಏಳು ಜನ ಸರದಿಯಂತೆ ಎದೆಯೊಡ್ಡಿ ತುಳಿಯಬೇಕು. ಅವರೇ ಹಿಂದಕ್ಕೆ ಹೋಗಿ ತಂಡದ ಕಾರಿನಿಂದ ನೀರಿನ ಬಾಟಲಿ ಹೊತ್ತು ತರಬೇಕು. ನಾಯಕನ ಗಾಲಿ ಪಂಕ್ಚರ್ ಆದರೆ ತಮ್ಮ ಗಾಲಿ ಬಿಚ್ಚಿ ಕೊಡಬೇಕು. ಫ್ರೆಂಚರು ಅವರನ್ನು ‘ಡೊಮೆಸ್ಟಿಕ್’ ಎನ್ನುತ್ತಾರೆ. ಮನೆಯ ಆಳು ಎಂದು ಅದರ ಅರ್ಥ.

ಇಂಥ ಆಟದಲ್ಲಿ ಗೆಲುವು ಎಂಬುದು ಎಷ್ಟೋ ಸಲ ಒಪ್ಪಂದದ ಫಲ. 1986ರ ಜುಲೈಯಲ್ಲಿ, ಟೂರ್‌ನ ಒಂದು ಹಂತದಲ್ಲಿ, ಆಲ್ಪ್ ಡ್ಯುಯೆಜ್ ಬೆಟ್ಟದ ತುದಿಗೆ ಬರ್ನಾರ್ಡ್ ಇನೊ ಮತ್ತು ಗ್ರೆಗ್ ಲೆಮಾಂಡ್ ಜೊತೆಯಾಗಿ ಏರಿದರು. ಇಬ್ಬರೂ ಒಂದೇ ತಂಡದವರು, ಇಬ್ಬರೂ ಪಟ್ಟಕ್ಕೆ ಆಸೆಪಟ್ಟವರು. ಗೆರೆ ದಾಟುವಾಗ ಒಬ್ಬರ ತೋಳನ್ನು ಒಬ್ಬರು ಹಿಡಿದು ನಕ್ಕರು. ಹಂತದ ಗೆಲುವು ಇನೊಗೆ ಸಂದಿತು, ಪ್ಯಾರಿಸ್ಸಿನಲ್ಲಿ ಒಟ್ಟು ಗೆಲುವಿನ ಹಳದಿ ಅಂಗಿ ಲೆಮಾಂಡ್‌ಗೆ ಸಂದಿತು. ಸೈಕಲ್ ಪ್ರೇಮಿಗಳು ಆ ಚಿತ್ರವನ್ನು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಆ ದಿನ ಲೆಮಾಂಡ್ ಮೇಲೆ ದುಡ್ಡು ಕಟ್ಟಿದವನ ಕಣ್ಣಿಂದ ಅದೇ ಚಿತ್ರವನ್ನು ನೋಡಿ. ಆಟದ ಒಳಗಿನವರಿಗೆ ಗೆಳೆತನವಾಗಿ ಕಂಡದ್ದು ಪಣದವನಿಗೆ ಮೋಸವಾಗಿ ಕಾಣುತ್ತದೆ.

ಈ ಗೆರೆ ತೆಳುವಾದದ್ದು. 2010ರ ಲಿಯೇಜ್–ಬ್ಯಾಸ್ಟೋನ್–ಲಿಯೇಜ್ ಓಟದ ಗೆಲುವನ್ನು ಅಲೆಕ್ಸಾಂಡರ್ ವಿನೊಕುರೊವ್ ತನ್ನ ಜೊತೆ ಓಡುತ್ತಿದ್ದ ಕೊಲೊಬ್ನೆವ್‌ನಿಂದ 1,50,000 ಯೂರೋಗೆ ಕೊಂಡರೆಂದು ಬೆಲ್ಜಿಯಂನಲ್ಲಿ ಮೊಕದ್ದಮೆ ನಡೆಯಿತು. ಇಬ್ಬರೂ ಅಲ್ಲಗಳೆದರು. 2019ರಲ್ಲಿ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಸ್ನೇಹದ ಒಪ್ಪಂದ ಎಲ್ಲಿ ಮುಗಿಯುತ್ತದೆ, ವ್ಯಾಪಾರ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಿರ್ಧರಿಸಲು ಒಂಬತ್ತು ವರ್ಷ ಹಿಡಿಯಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ, ಪರವಾನಗಿ ಹೊಂದಿದ ಯಾವ ಸವಾರನೂ, ತರಬೇತುದಾರನೂ ಸೈಕಲ್ ಓಟದ ಮೇಲೆ ಪಣ ಕಟ್ಟಕೂಡದು ಎಂದು ನಿಯಮ ಮಾಡಿರುವುದು ಇದಕ್ಕೇ.

ಇನ್ನೊಂದು ತೊಡಕು, ಫಲಿತಾಂಶ ಯಾವಾಗ ಅಂತಿಮ ಎನ್ನುವುದು. 1904ರ ಟೂರ್‌ನಲ್ಲಿ ಮೊದಲ ನಾಲ್ವರನ್ನೂ ಓಟ ಮುಗಿದ ತಿಂಗಳುಗಳ ನಂತರ ಅನರ್ಹಗೊಳಿಸಿದರು. ಐದನೆಯವನಾಗಿದ್ದ 19 ವರ್ಷದ ಆನ್ರಿ ಕೊರ್ನೆ ವಿಜೇತನಾದ. 2006ರಲ್ಲಿ ಗೆದ್ದಿದ್ದ ಫ್ಲಾಯ್ಡ್ ಲ್ಯಾಂಡಿಸ್ ಉದ್ದೀಪನ ಮದ್ದಿನ ಕಾರಣಕ್ಕೆ ಪಟ್ಟ ಕಳೆದುಕೊಂಡ. 1999ರಿಂದ 2005ರವರೆಗೆ ಏಳು ಸಲ ಗೆದ್ದಿದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳೂ ಪಟ್ಟಗಳನ್ನು 2012ರಲ್ಲಿ ಕಿತ್ತುಕೊಂಡರು, ಬೇರೆ ಯಾರಿಗೂ ಕೊಡಲಿಲ್ಲ. ಆದರೆ ಪಣದ ಹಣ ಸಾಮಾನ್ಯವಾಗಿ ವೇದಿಕೆಯ ಮೇಲೆ ಹಾರ ಬಿದ್ದ ದಿನವೇ ಬಟವಾಡೆಯಾಗಿರುತ್ತದೆ. ನಿಜವಾಗಿ ನ್ಯಾಯವಾಗಿ ತುಳಿದವನ ಹೆಸರಿಗೆ ಕಟ್ಟಿದವನು ಆಗಲೇ ಸೋತು ಮನೆಗೆ ಹೋಗಿರುತ್ತಾನೆ.

ನೂರಾ ಎಂಬತ್ತನಾಲ್ಕು ಜನ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ

ಇಷ್ಟೊಂದು ಅನಿಶ್ಚಿತವಾದ ಆಟಕ್ಕೆ ಬುಕ್ಕಿಗಳು ಹೇಗೆ ದರ ಕಟ್ಟುತ್ತಾರೆ? ಯಾರು ಗೆಲ್ಲುತ್ತಾರೆಂದು ಅವರಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹೆಚ್ಚು ನಡೆಯುವ ಪಣಗಳಲ್ಲಿ ಒಂದು, ಇಬ್ಬರು ಸವಾರರನ್ನು ಎದುರುಬದುರು ನಿಲ್ಲಿಸಿ ಇವರಲ್ಲಿ ಯಾರು ಮುಂದೆ ಬರುತ್ತಾರೆ ಎಂದು ಕೇಳುವುದು. ಇಬ್ಬರೂ ಸಮಬಲದವರಾದರೆ ನೂರಕ್ಕೆ ಇನ್ನೂರು ಕೊಡುವುದು ನ್ಯಾಯ. ಬುಕ್ಕಿ ಇಬ್ಬರಿಗೂ 1.85 ದರ ಇಡುತ್ತಾನೆ ಎಂದುಕೊಳ್ಳಿ. ನೀವು ಒಬ್ಬನ ಮೇಲೆ ನೂರು, ನಾನು ಇನ್ನೊಬ್ಬನ ಮೇಲೆ ನೂರು. ಗೆದ್ದವನಿಗೆ 185 ಹೋಗುತ್ತದೆ. ಉಳಿದ 15 ರೂಪಾಯಿ ಅವನದು. ನೂರಕ್ಕೆ ಏಳೂವರೆ ಕಡಿತ.

ಮಟ್ಕಾಕ್ಕಿಂತ ಕಡಿಮೆಯಲ್ಲವೇ ಎನ್ನಬಹುದು. ಎರಡನೆಯ ಪ್ರಶ್ನೆ ಕೇಳಬೇಕಾದದ್ದು ಇಲ್ಲಿ: ಎಷ್ಟು ಸಲ? ಮಟ್ಕಾ ದಿನಕ್ಕೆ ಎರಡು ಸಲ ತೆರೆಯುತ್ತಿತ್ತು. ಫೋನಿನಲ್ಲಿ ಓಟ ನಡೆಯುತ್ತಿರುವಾಗಲೇ ಪಣ ಬದಲಾಗುತ್ತಿರುತ್ತದೆ. ಈ ಹಂತ ಯಾರಿಗೆ, ಈ ಬೆಟ್ಟದ ತುದಿಗೆ ಮೊದಲು ಯಾರು, ಮುಂದೆ ಹೋದ ಗುಂಪು ಸಿಕ್ಕಿಬೀಳುತ್ತದೆಯೇ ಇಲ್ಲವೇ. ಸಾವಿರ ರೂಪಾಯಿಯನ್ನು ಹೀಗೆ ಹತ್ತು ಸಲ ತಿರುಗಿಸಿದರೆ, ಪ್ರತಿ ಸಲ ಏಳೂವರೆ ಸೋರುತ್ತಾ, ಸರಾಸರಿ ಲೆಕ್ಕದಲ್ಲಿ ಉಳಿಯುವುದು 459 ರೂಪಾಯಿ. ಸಾಸಿವೆಯಷ್ಟು ಸಣ್ಣ ತೂತಾದರೂ ಕೊಡ ಬರಿದಾಗುತ್ತದೆ.

ಅದಲ್ಲದೆ ಫೋನಿನ ಪರದೆಗೆ ಬರುವ ದೃಶ್ಯ ಕೆಲವು ಸೆಕೆಂಡುಗಳಷ್ಟು ಹಳೆಯದು. ಆ ಬೆಟ್ಟದ ಬದಿಯಲ್ಲಿ ನಿಂತವನಿಗೆ ಯಾರು ಬಿದ್ದರು, ಯಾರು ಕುಸಿದರು ಎಂಬುದು ಕುರ್ಲಾದವನಿಗಿಂತ ಮೊದಲೇ ಗೊತ್ತು. ಈ ಪಣದಲ್ಲಿ ಕೊನೆಯದಾಗಿ ಸುದ್ದಿ ತಿಳಿಯುವವನೇ ನಮ್ಮ ಹುಡುಗ.

ಪಾರಾದ ಊರಿನ ಕೇರಿನ್

ಸೈಕಲ್ ಓಟವನ್ನೇ ಪಣಕ್ಕೆಂದು ಕಟ್ಟಿ, ಸರ್ಕಾರವೇ ನಡೆಸಿದ ದೇಶವೊಂದಿದೆ. ಜಪಾನಿನ ಕೊಕುರಾ ಎಂಬ ಊರಿನ ಮೇಲೆ 1945ರ ಆಗಸ್ಟ್ 9ರಂದು ಎರಡನೆಯ ಅಣುಬಾಂಬು ಬೀಳಬೇಕಿತ್ತು. ಮಬ್ಬು ಮತ್ತು ಹೊಗೆ ಕವಿದು ಗುರಿ ಕಾಣದೆ ವಿಮಾನ ನಾಗಸಾಕಿಗೆ ತಿರುಗಿತು. ಮೂರು ವರ್ಷದ ನಂತರ, 1948ರ ನವೆಂಬರಿನಲ್ಲಿ, ಅದೇ ಕೊಕುರಾದಲ್ಲಿ ‘ಕೇರಿನ್’ ಎಂಬ ಈ ಪಣದ ಸೈಕಲ್ ಓಟ ಮೊದಲ ಸಲ ನಡೆಯಿತು. ಆ ವರ್ಷ ಜಪಾನ್ ಸೈಕಲ್ ಓಟದ ಕಾಯ್ದೆಯನ್ನೇ ಮಾಡಿತ್ತು. ಯುದ್ಧದಲ್ಲಿ ನೆಲಕಚ್ಚಿದ ಪುರಸಭೆಗಳಿಗೆ ಆದಾಯ ಬೇಕಿತ್ತು. ಸೈಕಲ್ ಉದ್ಯಮ ಮತ್ತೆ ನಿಲ್ಲಬೇಕಿತ್ತು. ಪಣದ ಹಣ ಈ ಎರಡಕ್ಕೆ ಎಂದು ಕಾಯ್ದೆಯಲ್ಲೇ ಬರೆದರು.

ಆಟವನ್ನು ಪಣಕ್ಕೆ ಒಗ್ಗುವಂತೆ ಬದಲಿಸಿದ ಬಗೆಯನ್ನು ಗಮನಿಸಬೇಕು. ತಂಡಗಳಿಲ್ಲ. ಸಾಮಾನ್ಯವಾಗಿ ಒಂಬತ್ತು ಸವಾರರು, ಒಂಬತ್ತು ಬಣ್ಣದ ಅಂಗಿ. ಓಡುವುದು ರಸ್ತೆಯಲ್ಲಲ್ಲ, ಓರೆಯಾಗಿ ಕಟ್ಟಿದ ಸುತ್ತುಪಥದಲ್ಲಿ, ಸುಮಾರು 2,000 ಮೀಟರ್. ಮುಂದೊಬ್ಬ ವೇಗದ ಸವಾರ ಎಲ್ಲರಿಗೂ ಗಾಳಿ ಒಡೆಯುತ್ತಾನೆ. ಕೊನೆಯ ಸುತ್ತುಗಳಲ್ಲಿ ಅವನು ಬದಿಗೆ ಸರಿದ ಮೇಲೆ ನಿಜವಾದ ಓಟ. ಸೈಕಲ್ಲಿನಿಂದ ಒಬ್ಬನಿಗೆ ಮೇಲುಗೈ ಸಿಗುವಂತಿಲ್ಲ. ಉಕ್ಕಿನ ಚೌಕಟ್ಟು, ಮುದ್ರೆ ಬಿದ್ದ ಬಿಡಿಭಾಗ ಮಾತ್ರ. ಓಟದ ದಿನಗಳಲ್ಲಿ ಸವಾರರು ವಸತಿಗೃಹದ ಒಳಗೇ ಇರಬೇಕು, ಫೋನು ಒಪ್ಪಿಸಿಬಿಡಬೇಕು. ಹೊರಗಿನ ಒಂದು ಮಾತೂ ಒಳಗೆ ಬಾರದಂತೆ, ಒಳಗಿನದು ಹೊರಗೆ ಹೋಗದಂತೆ.

ಇಷ್ಟೆಲ್ಲ ಮಾಡಿದರೂ ಗಾಳಿ ಕಾನೂನು ಕೇಳಲಿಲ್ಲ. ತಂಡ ಬೇಡವೆಂದರೂ ಒಂದೇ ಸೀಮೆಯ ಸವಾರರು ಓಟದ ಒಳಗೆ ಸಾಲುಗಟ್ಟತೊಡಗಿದರು. ಕಿರಿಯವನು ಮುಂದೆ ನಿಂತು ಗಾಳಿ ಸೀಳಿದರೆ ಹಿರಿಯವನು ಹಿಂದಿನಿಂದ ಎದುರಾಳಿಗಳನ್ನು ತಡೆಯುತ್ತಾನೆ. ಜಪಾನೀಯರು ಅದನ್ನು ಅಡಗಿಸಲು ಹೋಗಲಿಲ್ಲ, ಬಯಲಿಗೆ ತಂದರು. ಯಾರು ಯಾರ ಹಿಂದೆ ಸಾಲುಗಟ್ಟುತ್ತಾರೆ ಎಂಬುದನ್ನು ಸವಾರರೇ ಮುಂಚಿತವಾಗಿ ಹೇಳುತ್ತಾರೆ, ಅದು ಪಣ ಕಟ್ಟುವವರ ಕೈಯ ಹಾಳೆಯಲ್ಲಿ ಅಚ್ಚಾಗುತ್ತದೆ. ಸಹಕಾರವನ್ನು ನಿಲ್ಲಿಸಲಾಗದಿದ್ದರೆ ಅದು ಎಲ್ಲರಿಗೂ ಕಾಣುವಂತಿರಲಿ ಎಂಬ ತೀರ್ಮಾನ ಅದು.

ಅಲ್ಲಿ ಬುಕ್ಕಿ ಇಲ್ಲ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜೋಸೆಫ್ ಓಲ್ಲೆರ್ ರೂಪಿಸಿದ ಪದ್ಧತಿಯಂತೆ ಎಲ್ಲರ ಹಣವೂ ಒಂದೇ ಗಂಟಿಗೆ ಬೀಳುತ್ತದೆ, ಗೆದ್ದವರು ಅದನ್ನು ಹಂಚಿಕೊಳ್ಳುತ್ತಾರೆ. ಮಹಾಲಕ್ಷ್ಮಿಯಲ್ಲಿ ‘ಟೋಟ್’ ಎಂದು ಕರೆಯುವುದೂ ಅದನ್ನೇ. ಹಂಚುವ ಮೊದಲು ಕಡಿತವಾಗುತ್ತದೆ. ಕೇರಿನ್‌ನಲ್ಲಿ ಅದು ನೂರಕ್ಕೆ ಸುಮಾರು 25.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರತನ್ ಖತ್ರಿಯ ಮಟ್ಕಾ ಕಡಿಯುತ್ತಿದ್ದದ್ದು ಹತ್ತು. ಫೋನಿನ ಬುಕ್ಕಿ ಏಳೂವರೆ. ಜಪಾನಿನ ಸರ್ಕಾರ ಇಪ್ಪತ್ತೈದು. ಒಂಬತ್ತು ಜನರಲ್ಲಿ ಮೊದಲ ಮೂವರನ್ನು ಸರಿಯಾದ ಕ್ರಮದಲ್ಲಿ ಹೇಳುವ ಪಣದಲ್ಲಿ 504 ಸಾಧ್ಯತೆಗಳಿವೆ. ಎಲ್ಲ ಸಾಧ್ಯತೆಗಳೂ ಸಮವೆಂದುಕೊಂಡರೆ 504 ಪಟ್ಟು ಸಿಗಬೇಕಾದಲ್ಲಿ ಸಿಗುವುದು 378. ಕಟ್ಟುವವನ ಜೇಬಿನ ದೃಷ್ಟಿಯಿಂದ ಮೂರರಲ್ಲಿ ಅತಿ ಕಠೋರವಾದದ್ದು ಸರ್ಕಾರದ ಆಟವೇ.

ವ್ಯತ್ಯಾಸವಿರುವುದು ಮೂರನೆಯ ಪ್ರಶ್ನೆಯಲ್ಲಿ. ಕಡಿದ ಇಪ್ಪತ್ತೈದು ಎಲ್ಲಿಗೆ ಹೋಯಿತೆಂದು ಜಪಾನಿನ ಯಾವ ಪ್ರಜೆಯಾದರೂ ಕೇಳಬಹುದು. ಸವಾರರ ಬಹುಮಾನಕ್ಕೆ, ಪುರಸಭೆಯ ಬೊಕ್ಕಸಕ್ಕೆ, ಸೈಕಲ್ ಉದ್ಯಮಕ್ಕೆ, ಸಮಾಜಸೇವೆಯ ಕೆಲಸಗಳಿಗೆ. ಆ ಹಣದ ಆಸರೆಯಲ್ಲೇ ಸವಾರರ ತರಬೇತಿ ಶಾಲೆ ನಡೆಯಿತು. ಆ ಲೋಕದಿಂದ ಬಂದ ಕೊಯಿಚಿ ನಕಾನೊ 1977ರಿಂದ 1986ರವರೆಗೆ ಸತತ ಹತ್ತು ವರ್ಷ ವಿಶ್ವ ವೃತ್ತಿಪರ ಸ್ಪ್ರಿಂಟ್ ಚಾಂಪಿಯನ್ ಆದರು. ಕೇರಿನ್ 2000ದ ಸಿಡ್ನಿಯಲ್ಲಿ ಒಲಿಂಪಿಕ್ ಕ್ರೀಡೆಯೇ ಆಯಿತು.

ಹಾಗೆಂದು ಅದನ್ನು ಹೊಗಳಿ ಮುಗಿಸುವಂತಿಲ್ಲ. 1950ರಲ್ಲಿ ನರುವೊ ಎಂಬಲ್ಲಿ ಓಟದ ಫಲಿತಾಂಶದಿಂದ ಕೆರಳಿದ ಜನ ದಾಂಧಲೆ ಎಬ್ಬಿಸಿದರು. ದೇಶದಾದ್ಯಂತ ಕೇರಿನ್ ಕೆಲಕಾಲ ನಿಂತಿತು. ಟೋಕಿಯೊದ ಗವರ್ನರ್ ಮಿನೊಬೆ ರ್‍ಯೊಕಿಚಿ, ಜೂಜಿನ ಆದಾಯದಿಂದ ನಗರ ನಡೆಸುವುದು ಬೇಡವೆಂದು ಕೈಬಿಟ್ಟರು. ನಗರದ ನಡುವಿನ ಕೊರಾಕುಎನ್ ಪಥದಲ್ಲಿ 1972ರಲ್ಲಿ ಕೇರಿನ್ ನಿಂತುಹೋಯಿತು. ಇಂದು ಆ ಜಾಗದಲ್ಲಿ ಟೋಕಿಯೊ ಡೋಮ್ ಇದೆ. ಕಡಿದ ಹಣ ಶಾಲೆಗೇ ಹೋದರೂ, ಅದು ಯಾವ ಮನೆಯ ಮಕ್ಕಳ ಊಟದಿಂದ ಬಂತು ಎಂಬ ಪ್ರಶ್ನೆ ಅವರನ್ನು ಕಾಡಿರಬೇಕು. ಜೂಜಿನಲ್ಲಿ ರಾಜ್ಯ ಸೋತ ಧರ್ಮರಾಯನ, ನಳನ ಕಥೆ ಕೇಳಿ ಬೆಳೆದ ನಮಗೆ ಆ ಪ್ರಶ್ನೆ ಹೊಸದಲ್ಲ.

ನಮ್ಮ ಕಾಯ್ದೆ ಹೇಳುವುದೇನು

ಮುಂಬೈಯಲ್ಲಿ ಜೂಜು ತಡೆ ಕಾಯ್ದೆ ಬಂದದ್ದು 1887ರಲ್ಲಿ. ಸಂವಿಧಾನ ‘ಪಣ ಮತ್ತು ಜೂಜು’ ವಿಷಯವನ್ನು ರಾಜ್ಯಗಳ ಪಟ್ಟಿಯಲ್ಲಿಟ್ಟಿತು. ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ಮೊಕದ್ದಮೆಯೊಂದು ಮುಂಬೈ ಮತ್ತು ಬೆಂಗಳೂರು ಎರಡಕ್ಕೂ ಸೇರಿದ್ದು. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬವರು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯಲ್ಲಿ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿದ್ದರು. ಅದಕ್ಕೆ ಮುಂಬೈ ರಾಜ್ಯದ ತುಂಬ ಗಿರಾಕಿಗಳಿದ್ದರು. ಮುಂಬೈ ಸರ್ಕಾರ ತೆರಿಗೆ ಹಾಕಿತು, ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. 1957ರಲ್ಲಿ ಬಂದ ತೀರ್ಪು ಸ್ಪಷ್ಟವಾಗಿತ್ತು: ಜೂಜು ಎಂಬುದು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ. ಕೌಶಲವೇ ಮುಖ್ಯವಾದ ಆಟ ಮಾತ್ರ ಬೇರೆ. 1996ರಲ್ಲಿ ಅದೇ ನ್ಯಾಯಾಲಯ ಕುದುರೆ ಜೂಜನ್ನು ಕೌಶಲದ ಸಾಲಿಗೆ ಸೇರಿಸಿತು.

ಸೈಕಲ್ ಓಟಕ್ಕೆ ಪಣ ಕಟ್ಟಲು ಪರವಾನಗಿ ಕೊಡುವ ಏರ್ಪಾಡು ನಮ್ಮಲ್ಲಿ ಇಲ್ಲ. ಫೋನಿನಲ್ಲಿ ಕಾಣುವವು ಹೊರದೇಶದಿಂದ ನಡೆಯುವಂಥವು. ಆ ಮಳೆಯ ಸಂಜೆ ಕಳೆದು ತಿಂಗಳಾಗುವಷ್ಟರಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಇಟ್ಟು ಆಡುವ ಆನ್‌ಲೈನ್ ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಹಳೆಯ ಭೇದವನ್ನು ಆ ಕಾಯ್ದೆ ಅಳಿಸಿಹಾಕಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನನ್ನು ಅದು ಅಪರಾಧಿ ಎನ್ನುವುದಿಲ್ಲ, ಹಾನಿಗೊಳಗಾದವನೆಂದು ನೋಡುತ್ತದೆ. ಆ ನೋಟ ಸರಿಯಾದದ್ದು. ಆದರೆ ಹೊರದೇಶದ ಬಾಗಿಲಿಗೆ ನಮ್ಮ ಬೀಗ ಪೂರ್ತಿ ಹಿಡಿಯುವುದಿಲ್ಲ. ಬಾಗಿಲ ಆಚೆ ಇರುವುದೇನೆಂದು ಹುಡುಗರಿಗೆ ಗೊತ್ತಿದ್ದರೆ ಮಾತ್ರ ಆ ಬೀಗಕ್ಕೆ ಬಲ.

ಬೆನ್ನ ಹಿಂದೆ ಗಾಳಿ ಇಲ್ಲದವರು

ಪಣ ಇಲ್ಲದೆಯೇ ಸೈಕಲ್ ಓಟವನ್ನು ಪ್ರೀತಿಸುವ ನಾಡೂ ನಮ್ಮಲ್ಲಿದೆ. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿ ನಿಲಯಗಳಿಂದ ದಶಕಗಳಿಂದ ರಾಷ್ಟ್ರಮಟ್ಟದ ಸವಾರರು ಬರುತ್ತಿದ್ದಾರೆ. ಬೆಳಗಿನ ಜಾವ ಲಾರಿಗಳ ನಡುವೆ ಹೆದ್ದಾರಿಯಲ್ಲಿ ತುಳಿಯುವ ಹಳ್ಳಿಯ ಹುಡುಗ ಹುಡುಗಿಯರು ಅವರು. ರೈಲ್ವೆಯಲ್ಲೋ ಸೇನೆಯಲ್ಲೋ ಒಂದು ನೌಕರಿ ಸಿಕ್ಕರೆ ಅದೇ ಅವರ ಹಳದಿ ಅಂಗಿ. ಸ್ಪರ್ಧೆಗೆ ಬೇಕಾದ ಕಾರ್ಬನ್ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿದೆ. ಅಂಡಮಾನಿನ ಎಸೋ ಆಲ್ಬನ್ 2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದದ್ದು ಕೇರಿನ್‌ನಲ್ಲೇ. ಕೊಕುರಾದ ಪಣದಿಂದ ಹುಟ್ಟಿದ ಆಟದಲ್ಲಿ, ಒಂದು ಪೈಸೆ ಪಣವಿಲ್ಲದೆ, ಭಾರತಕ್ಕೆ ಬಂದ ಪದಕ ಅದು.

ಮುಂಬೈಗೂ ತನ್ನದೇ ಓಟವಿದೆ. ಮುಂಬೈ–ಪುಣೆ ಸೈಕಲ್ ಓಟದಲ್ಲಿ ಖಂಡಾಲಾ ಘಾಟಿಯನ್ನು ಮೊದಲು ಏರಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು. ಓಟವನ್ನು ಯಾರೇ ಗೆಲ್ಲಲಿ, ಘಾಟಿಯ ರಾಜನ ಹೆಸರನ್ನು ಜನ ಬೇರೆಯಾಗಿ ನೆನಪಿಡುತ್ತಾರೆ. ಹೊರದೇಶಕ್ಕೆ ಹರಿಯುವ ಪಣದ ಕಡಿತದಲ್ಲಿ ಈ ಘಾಟಿಗಾಗಲಿ, ವಿಜಯಪುರದ ಆ ಹೆದ್ದಾರಿಗಾಗಲಿ ಒಂದು ಟ್ಯೂಬಿನ ದುಡ್ಡೂ ಬರುವುದಿಲ್ಲ. ನೂರಕ್ಕೆ ಎಷ್ಟು, ಎಷ್ಟು ಸಲ ಎಂಬುದಕ್ಕೆ ಫೋನು ಉತ್ತರ ಕೊಡುತ್ತದೆ. ಎಲ್ಲಿಗೆ ಎಂಬುದಕ್ಕೆ ಕೊಡುವುದಿಲ್ಲ. ನನ್ನ ಮಟ್ಟಿಗೆ ಆ ಮೌನ ಒಂದೇ ಸಾಕು, ಬೇಡ ಎನ್ನಲು.

ಆ ಸಂಜೆ ಇಷ್ಟನ್ನೆಲ್ಲ ಹೇಳಲು ಆಗಲಿಲ್ಲ. ಪರದೆಯ ಮೇಲೆ ಗುಂಪಿನ ತುದಿಯಲ್ಲಿದ್ದ ಒಬ್ಬ ಸವಾರನನ್ನು ತೋರಿಸಿದೆ. ಬಾಯಿ ತೆರೆದು, ಹೆಗಲು ಅಲ್ಲಾಡಿಸುತ್ತಾ ತುಳಿಯುತ್ತಿದ್ದ.

“ಇವನೇ ಗೆಲ್ಲೋದಾ?” ಎಂದ ಹುಡುಗ.

“ಇಲ್ಲ ತಮ್ಮ. ಇನ್ನೊಂದು ಐದು ನಿಮಿಷದಲ್ಲಿ ಇವನು ಬದಿಗೆ ಸರೀತಾನೆ. ಹಿಂದಿದ್ದಾನಲ್ಲ, ಅವನಿಗಾಗಿ ಗಾಳಿ ಒಡೀತಿದ್ದಾನೆ. ಅವನು ಗೆದ್ದರೆ ಇವನ ಕೆಲಸ ಆದ ಹಾಗೆ.”

ಹೇಳಿದಂತೆಯೇ ಆಯಿತು. ಬೆಟ್ಟದ ಬುಡದಲ್ಲಿ ಆ ಸವಾರ ಪಕ್ಕಕ್ಕೆ ಸರಿದ. ಇಡೀ ಗುಂಪು ಅವನನ್ನು ದಾಟಿ ಹೋಯಿತು. ಕ್ಯಾಮೆರಾ ಕೂಡ ಅವನನ್ನು ಬಿಟ್ಟು ಮುಂದೆ ಹೋಯಿತು.

“ಇವನ ಮೇಲೆ ಯಾರೂ ದುಡ್ಡು ಕಟ್ಟೋದಿಲ್ಲ ಅಲ್ವಾ ಅಣ್ಣ?” ಎಂದು ಕೇಳಿದ. ಇಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಊರಿನಲ್ಲಿ ತಂಗಿ ಓದುತ್ತಿದ್ದಾಳೆ, ಕಾಲೇಜಿನ ಫೀಸು ಈ ತಿಂಗಳು ತಾನೇ ಕಳಿಸಬೇಕು ಎಂದು ಹಿಂದೊಮ್ಮೆ ಹೇಳಿದ್ದು ನನಗೆ ನೆನಪಾಯಿತು. ಈ ಊರಿನ ಹೋಟೆಲುಗಳ ಗಲ್ಲೆಯಲ್ಲಿ, ಅಡುಗೆಮನೆಯಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಊರಿನಲ್ಲಿದ್ದವರನ್ನು ಮುಂದೆ ದಾಟಿಸಿದ ನಮ್ಮವರ ಮೂರು ತಲೆಮಾರು ನೆನಪಾಯಿತು.

ಮಳೆ ಸಣ್ಣಗಾಗಿತ್ತು. ಹುಡುಗ ಫೋನು ಜೇಬಿಗೆ ಹಾಕಲಿಲ್ಲ. ಗೆದ್ದವನ ಹೆಸರು ಬಂದು ಹೋದ ಮೇಲೂ ಕಾಯುತ್ತಾ ನಿಂತ, ಬದಿಗೆ ಸರಿದಿದ್ದ ಆ ಸವಾರ ಗೆರೆ ದಾಟುವುದನ್ನು ನೋಡಲು.